ಗೋಡೆಯ ಮೇಲಿನ ಕೊಕ್ಕೆಗಳು

ನಮ್ಮ ಅಪ್ಪ ಯಾರಿಗೂ ಹೆದರುವ ಮನುಷ್ಯನಾಗಿರಲಿಲ್ಲ ಎಂದು ಇವತ್ತಿಗೂ ಪತ್ರಿಕೆಯವರು ಬರೆಯುತ್ತಾರೆ. ಶಿರಸಿಯ ಅಡಿಕೆ ಯಾರ್ಡಿನಲ್ಲಿ ಹಮಾಲರ ಸಂಘ ಕಟ್ಟಿದವನು, ಅಲ್ಲಿಂದ ಹುಬ್ಬಳ್ಳಿ, ಬೆಂಗಳೂರು ದಾಟಿ ದಿಲ್ಲಿಯವರೆಗೆ ಹೋಗಿ ಇಡೀ ದೇಶದ ಕಾರ್ಮಿಕರ ಮುಖಂಡನಾದವನು, ಪಾರ್ಲಿಮೆಂಟಿನಲ್ಲಿ ಎದ್ದು ನಿಂತರೆ ಮಂತ್ರಿಗಳು ಕಾಗದ ಹುಡುಕುವಂತೆ ಮಾಡಿದವನು. ಅಷ್ಟೂ ನಿಜ, ಒಂದಕ್ಷರ ಸುಳ್ಳಿಲ್ಲ. ಅಪ್ಪ ಹೆದರಲಿಲ್ಲ. ಅವನ ಪಾಲಿನದನ್ನೂ ಸೇರಿಸಿ ಹೆದರುವುದಕ್ಕೆ ಮನೆಯಲ್ಲಿ ನಾವಿದ್ದೆವಲ್ಲ! ಅವನ ಬಗ್ಗೆ ಪುಸ್ತಕ ಬರೆಯುತ್ತೇವೆಂದು ಬರುವ ಹುಡುಗರು ನನ್ನೆದುರು ಕೂತು, ಚಹಾ ಕುಡಿದು, ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಾರೆ: "ಮೇಡಂ, ಅಂಥ ಧೈರ್ಯಶಾಲಿಯ ಮನೆಯಲ್ಲಿ ಬೆಳೆದ ಅನುಭವ ಹೇಗಿತ್ತು?" ನಾನು ಏನೋ ಒಂದು ಹೇಳಿ ಕಳಿಸುತ್ತೇನೆ. ಆಗ ಓಣಿಯಲ್ಲಿ ಯಾವುದೋ ಬೈಕು ಬಂದು ನಮ್ಮ ಗೇಟಿನೆದುರು ನಿಂತರೆ, ಮಾತಿನ ನಡುವೆಯೇ ಎದ್ದು ಒಳಗೆ ಹೋಗಿ ಗ್ಯಾಸು ಆರಿಸಿ ಬರುತ್ತೇನೆ. ಪಾಪ, ಆ ಹುಡುಗರಿಗೆ ಅದು ಉತ್ತರ ಎಂದು ಗೊತ್ತಾಗುವುದಿಲ್ಲ.

ನಮ್ಮದು ಲಾರಿ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡೇ ಕೋಣೆಯ ಬಾಡಿಗೆ ಮನೆ. ಹಿಂದಿನದು ಅಡಿಗೆ ಕೋಣೆ, ಅವ್ವನ ರಾಜ್ಯ. ಮುಂದಿನದು ಹಗಲಿಗೆ ಸಂಘದ ಕಚೇರಿ, ರಾತ್ರಿಗೆ ನಾವು ಮಲಗುವ ಜಾಗ. ಕುರ್ಚಿಗಳಿರಲಿಲ್ಲ. ಗುಜರಿಗೆ ಹೋದ ಯಾವುದೋ ಲಾರಿಯ ಉದ್ದನೆಯ ಸೀಟೊಂದನ್ನು ಇಟ್ಟಿಗೆಗಳ ಮೇಲೆ ಕೂರಿಸಿದ್ದರು. ಬಂದವರೆಲ್ಲ ಅದರ ಮೇಲೆ ಕೂತು ಪ್ರಯಾಣ ಹೊರಟವರ ಹಾಗೆ ಎದುರಿನ ಗೋಡೆ ನೋಡುತ್ತಿದ್ದರು. ಗೋಣಿಯ ಧೂಳು, ಬೀಡಿ, ಒಣ ಅಡಿಕೆ, ಬೆವರು, ಇವೆಲ್ಲ ಕೂಡಿದ ಒಂದು ವಾಸನೆ ಆ ಕೋಣೆಗಿತ್ತು. ಊಟಕ್ಕೆ ಅಪ್ಪ ಯಾವಾಗಲೂ ಬಾಗಿಲಿಗೆ ಮುಖ ಮಾಡಿಯೇ ಕೂರಬೇಕು. ತಟ್ಟೆಯನ್ನು ಅವ್ವ ಹಾಗೇ ಇಡುತ್ತಿದ್ದಳು. ಬೇರೆ ಯಾವುದೋ ಊರಿನಲ್ಲಿ ಒಬ್ಬ ಸಂಘದವನಿಗೆ ಉಣ್ಣುತ್ತ ಕೂತಾಗ ಬೆನ್ನ ಹಿಂದಿನಿಂದ ಹೊಡೆದಿದ್ದರಂತೆ. ಅಪ್ಪ ನಗುತ್ತ, ತಟ್ಟೆ ಇಟ್ಟಲ್ಲಿ ಕೂತು, ಹುರುಳಿ ಸಾರಿಗೆ ರೊಟ್ಟಿ ಅದ್ದಿಕೊಂಡು ಉಣ್ಣುತ್ತಿದ್ದ. ಅವನು ಉಂಡು ಕೈ ತೊಳೆಯುವವರೆಗೆ ಅವ್ವ ಬಾಗಿಲನ್ನೇ ನೋಡುತ್ತ ನಿಂತಿರುತ್ತಿದ್ದಳು. ಅವಳು ಬಿಸಿ ಅನ್ನ ಉಂಡದ್ದನ್ನು ನಾನು ನೋಡಿದ ನೆನಪಿಲ್ಲ.

ಅವ್ವನ ಹೆದರಿಕೆಗಳಿಗೆ ಅವಳದೇ ಕಟ್ಟುಕಟ್ಟಳೆಗಳಿದ್ದವು, ಬೇರೆ ಮನೆಗಳಲ್ಲಿ ಮಡಿ ಮೈಲಿಗೆ ಇರುವ ಹಾಗೆ. ಅಪ್ಪ ಎಲ್ಲಿಗೆ ಹೋಗಿದ್ದಾನೆಂದು ಯಾರು ಕೇಳಿದರೂ "ಗೊತ್ತಿಲ್ರಿ" ಎನ್ನಬೇಕು, ಪಕ್ಕದ ಮನೆಯವರು ಕೇಳಿದರೂ ಅಷ್ಟೇ. ಬೀದಿ ಕಡೆಯ ಕಿಟಕಿಯ ಕೆಳಗೆ ಹಾಸಿಗೆ ಹಾಕಬಾರದು. ಗುರುತಿಲ್ಲದವರು ಪೆಪ್ಪರಮಿಂಟು ಕೊಟ್ಟರೆ ಮುಟ್ಟಬಾರದು. ಬೈಕಿನ ಸದ್ದು ಮನೆಯೆದುರು ನಿಂತರೆ ಮೊದಲು ಒಲೆ ಮೇಲಿನ ಪಾತ್ರೆ ಇಳಿಸಬೇಕು, ಆಮೇಲೆ ಉಳಿದದ್ದು. ಓಡಿಹೋಗುವ ಪ್ರಸಂಗ ಬಂದರೆ ಹಿಂದೆ ಮನೆ ಸುಟ್ಟುಹೋಗಬಾರದಲ್ಲ! ಉಳಿದ ಮಕ್ಕಳು ಮಗ್ಗಿ ಕಲಿಯುವ ವಯಸ್ಸಿನಲ್ಲಿ ನಾನು ಇದನ್ನೆಲ್ಲ ಕಲಿತೆ, ಅದೂ ಚೆನ್ನಾಗಿಯೇ ಕಲಿತೆ.

ಆ ಮುಂದಿನ ಕೋಣೆಯ ಗೋಡೆಯ ತುಂಬ ಮೊಳೆಗಳಿದ್ದವು. ಬೇರೆ ದಿನಗಳಲ್ಲಿ ಅವು ಖಾಲಿ. ಮುಷ್ಕರ ಶುರುವಾದರೆ ಒಂದೊಂದಕ್ಕೂ ಒಂದೊಂದು ಕೊಕ್ಕೆ ಬರುತ್ತಿತ್ತು. ಹಮಾಲರ ಕೊಕ್ಕೆ ನೋಡದವರಿಗಾಗಿ ಹೇಳುತ್ತೇನೆ: ಗೇಣುದ್ದದ ಬಾಗಿದ ಕಬ್ಬಿಣ, ತುದಿ ಚೂಪು, ಹಿಂದೆ ಮುಷ್ಟಿಯೊಳಗೆ ಕೂರುವಂಥ ಮರದ ಹಿಡಿ. ಅದನ್ನು ಚೀಲಕ್ಕೆ ಚುಚ್ಚಿ ಎಳೆದು ಬೆನ್ನಿಗೇರಿಸಿಕೊಳ್ಳುತ್ತಾರೆ. ಬೆವರಿಗೆ ಹಿಡಿ ಜಾರಬಾರದೆಂದು ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಸೀಳಿ ಸುತ್ತಿರುತ್ತಾರೆ. ಮುಷ್ಕರ ಘೋಷಣೆಯಾದ ದಿನ ಎಲ್ಲರೂ ಸಾಲಾಗಿ ಬಂದು ತಮ್ಮ ತಮ್ಮ ಕೊಕ್ಕೆಯನ್ನು ನಮ್ಮ ಗೋಡೆಗೆ ತೂಗುಹಾಕಿ ಹೋಗಬೇಕು, ಮುಗಿಯುವವರೆಗೆ ಯಾರೂ ತೆಗೆಯುವಂತಿಲ್ಲ. ಈ ಪದ್ಧತಿ ಹಾಕಿಕೊಟ್ಟವನು ಇಮಾಮಸಾಬ ಎಂಬ ಹಿರಿಯ ಹಮಾಲ. ಹೊಸಬರು ಯಾಕೆ ಹೀಗೆ ಎಂದು ಕೇಳಿದರೆ ಅವನು ಗಡ್ಡ ನೀವಿಕೊಂಡು ಹೇಳುತ್ತಿದ್ದ:

"ಕೊಕ್ಕಿ ಮನ್ಯಾಗಿದ್ರ ಹೊಟ್ಟಿ ಅದರ ಕೂಡ ಮಾತಾಡ್ತೈತಿ ತಮ್ಮಾ. ಪರಸಣ್ಣನ ಗ್ವಾಡಿ ಮ್ಯಾಲಿದ್ರ ಎಲ್ಡೂ ಸುಮ್ಕಿರ್ತಾವು."

ಪರಸಣ್ಣ ಎಂದರೆ ನಮ್ಮಪ್ಪ, ಪರಶುರಾಮ. ನಡುವೆ ಯಾರಾದರೂ ಕೊಕ್ಕೆ ತೆಗೆದುಕೊಂಡು ಕೆಲಸಕ್ಕೆ ಹೋದರೆ ಅವನಿಗೆ ಬೈಯುವುದಿಲ್ಲ, ಹೊಡೆಯುವುದಿಲ್ಲ. ಆಮೇಲೆ ಅವನ ಬೆನ್ನಿಗೆ ಯಾರೂ ಚೀಲ ಎತ್ತಿಕೊಡುವುದಿಲ್ಲ, ಅಷ್ಟೇ. ತುಂಬಿದ ಚೀಲ ಬೆನ್ನಿಗೇರಬೇಕಾದರೆ ಇನ್ನೊಬ್ಬನ ಕೈ ಬೇಕೇ ಬೇಕು. ಆ ಕೈ ಸಿಗದವನು ಯಾರ್ಡಿನಲ್ಲಿ ಬದುಕುವುದು ಸಾಧ್ಯವಿಲ್ಲ.

ಮುಷ್ಕರದ ದಿನಗಳಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅಪ್ಪನದೊಂದು ಪೂಜೆಯಿತ್ತು. ದೇವರಿಗೆ ಕೈ ಮುಗಿಯದ ಮನುಷ್ಯ ಇದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಕೊಬ್ಬರಿ ಎಣ್ಣೆಯ ಬಟ್ಟಲು, ಒಂದು ಹಳೆಯ ಬಟ್ಟೆ ಹಿಡಿದು ಗೋಡೆಯ ಒಂದು ತುದಿಯಿಂದ ಶುರು ಮಾಡುತ್ತಿದ್ದ. ಒಂದೊಂದೇ ಕೊಕ್ಕೆ ಇಳಿಸಿ, ತುಕ್ಕು ಹಿಡಿಯದ ಹಾಗೆ ಎಣ್ಣೆ ಒರೆಸಿ, ಯಾರದೋ ಅವರ ಹೆಸರು ಹೇಳಿ ಮತ್ತೆ ತೂಗುಹಾಕುತ್ತಿದ್ದ. "ಇಮಾಮಸಾಬ. ಹನುಮಂತ. ದ್ಯಾವಪ್ಪ." ಹೆಸರು ಬರೆದಿರುತ್ತಿರಲಿಲ್ಲ. ಹಿಡಿ ಕೈಗೆ ಬಂದರೆ ಸಾಕು, ಅವನಿಗೆ ಗೊತ್ತಾಗುತ್ತಿತ್ತು; ಯಲ್ಲಾಪುರದ ಬದಿಯ ಇಡಗುಂದಿಯಿಂದ ಬರಿಗೈಲಿ ಬಂದು ಇದೇ ಯಾರ್ಡಿನಲ್ಲಿ ಚೀಲ ಹೊತ್ತವನು ಅವನು. ಆ ಹೆಸರುಗಳನ್ನು ಕೇಳುತ್ತ ನಾನು ನಿದ್ದೆ ಹೋಗುತ್ತಿದ್ದೆ. ಆದರೆ ಬೆಳಗಿನ ಜಾವ ಎಚ್ಚರವಾಗಿ ಕಣ್ಣು ಬಿಟ್ಟರೆ ನೆತ್ತಿಯ ಮೇಲೆ ಅಷ್ಟೂ ಚೂಪು ತುದಿಗಳು. ಒಂದು ಬಿದ್ದರೆ? ಕಂಬಳಿ ಮುಖದ ಮೇಲೆಳೆದುಕೊಂಡು, ಉಸಿರು ಸಹ ಮೆಲ್ಲಗೆ ಬಿಡುತ್ತಿದ್ದೆ.

ನಾನು ಹೇಳಹೊರಟದ್ದು ಆ ದೊಡ್ಡ ಮುಷ್ಕರದ ಸಂಗತಿ. ಅಪ್ಪನ ಕತೆ ಹೇಳುವವರೆಲ್ಲ ಅಲ್ಲಿಂದಲೇ ಶುರು ಮಾಡುತ್ತಾರೆ. ಚೀಲ ಬಿದ್ದು ಸೊಂಟ ಮುರಿದುಕೊಂಡ ಹಮಾಲನೊಬ್ಬನನ್ನು ಮಂಡಿಯವರು ತಿರುಗಿ ನೋಡಲಿಲ್ಲ ಎಂದು ಶುರುವಾದದ್ದು, ಕೂಲಿಯ ತಂಟೆಯೂ ಸೇರಿಕೊಂಡು ವಾರಗಟ್ಟಲೆ ನಡೆಯಿತು. ವ್ಯಾಪಾರಿಗಳು ಜಾಣರು, ಶಿರಸಿಗೆ ಬರುವ ಮಾಲನ್ನು ಸಿದ್ದಾಪುರದ ಗೋದಾಮುಗಳಿಗೆ ತಿರುಗಿಸಿದರು. ಸಿದ್ದಾಪುರದಲ್ಲಿ ಆಗ ಸಂಘ ಇರಲಿಲ್ಲ. ನಮ್ಮ ಹಿತ್ತಿಲಲ್ಲಿ ಮಧ್ಯಾಹ್ನಕ್ಕೊಂದು ಹೊತ್ತು ದೊಡ್ಡ ಹಂಡೆಯಲ್ಲಿ ಗಂಜಿ ಬೇಯುತ್ತಿತ್ತು; ದಿನದಿಂದ ದಿನಕ್ಕೆ ಅದು ತೆಳ್ಳಗಾಗುತ್ತ ಹೋಯಿತು. ಒಂದು ಮಧ್ಯಾಹ್ನ ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಗೃಹಸ್ಥ ಬಾಗಿಲಿಗೆ ಬಂದ. ಯಾರ ಕಡೆಯವನೋ ಹೇಳಲಿಲ್ಲ. ಒಳಗೆ ಬಾ ಎಂದರೂ ಬರಲಿಲ್ಲ, ಕೊಟ್ಟ ನೀರನ್ನು ಮಾತ್ರ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ನಯವಾಗಿ ಹೇಳಿದ:

"ತಂಗೀ, ಪರಸಣ್ಣ ಯಲ್ಲಾಪುರದ ಬದಿಗೆ ಭಾಳ ಓಡಾಡ್ತಾ ಅದಾನಂತೆ. ಘಟ್ಟದ ರಸ್ತೆ, ತಿರುವು ಜಾಸ್ತಿ. ಲಾರಿಯವರಿಗೆ ಸಣ್ಣ ಗಾಡಿ ಕಣ್ಣಿಗೆ ಬೀಳೋದಿಲ್ಲ. ಸ್ವಲ್ಪ ಹುಷಾರಾಗಿರ್ಲಿಕ್ಕೆ ಹೇಳು."

ಅವತ್ತೇ ಅಪ್ಪ ಲಾರಿ ಚಾಲಕರ ಬೆಂಬಲ ಕೇಳಲು ಸಾಲದ ಬೈಕಿನಲ್ಲಿ ಯಲ್ಲಾಪುರಕ್ಕೆ ಹೋಗಿದ್ದ, ಅಲ್ಲಿಂದ ಅರಬೈಲು ಘಟ್ಟದ ತನಕ. ಅವ್ವ ಆ ಲೋಟವನ್ನು ತೊಳೆಯಲಿಲ್ಲ, ಒಳಗೂ ತರಲಿಲ್ಲ. ಇಡೀ ಮಧ್ಯಾಹ್ನ ಅದು ಹೊಸ್ತಿಲ ಹೊರಗೇ ಇತ್ತು. ನಾವಿಬ್ಬರೂ ಬೈಕಿನ ಸದ್ದಿಗೆ ಕಿವಿ ಕೊಟ್ಟು ಕೂತೆವು. ಯಾವ ಸದ್ದಿಗಾಗಿ ಜೀವ ಬಿಡುತ್ತಿದ್ದೆವೋ ಆ ಸದ್ದು ಬಂದ ಕೂಡಲೇ ಅವ್ವ ಓಡಿಹೋಗಿ ಪಾತ್ರೆ ಇಳಿಸಿದಳು! ಬಂದದ್ದು ಅಪ್ಪನೇ, ಧೂಳು ಮೆತ್ತಿದ ಹುಬ್ಬು, ಬಾಯ್ತುಂಬ ನಗು. ಅವಳು ಹೇಳಿದ್ದನ್ನು ಕೇಳಿ ಅವನು, "ತಿರುವು ಜಾಸ್ತಿ ಅಂತ ನಂಗೆ ಅವ ಹೇಳ್ಬೇಕನ? ನಾನು ಹುಟ್ಟಿದ್ದೇ ಅಲ್ಲಿ," ಎಂದು ಊಟಕ್ಕೆ ಕೂತ. ಅವ್ವ ಗೋಡೆಗೆ ಒರಗಿ ಜೋರಾಗಿ ಅಳಲಾರದೆ ಬಿಕ್ಕಿದಳು. ಅವನ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಹೋಗಿ ಅವನ ತಟ್ಟೆಯನ್ನು ತಿರುಗಿಸಿ ಬಾಗಿಲಿಗೆ ಬೆನ್ನು ಮಾಡಿ ಕೂರಿಸಬೇಕು ಎನ್ನಿಸಿತು.

ಅವ್ವನಿಗೆ ತವರು ಎಂದರೆ ಒಬ್ಬನೇ ತಮ್ಮ, ಮಲ್ಲೇಶಿ. ಬನವಾಸಿ ಕಡೆಯ ಹಳ್ಳಿಯಿಂದ ಅವನನ್ನು ಕರೆತಂದು, ಮನೆಯಲ್ಲಿಟ್ಟುಕೊಂಡು, ಯಾರ್ಡಿಗೆ ಹಚ್ಚಿದವನು ಅಪ್ಪನೇ. ಮಲ್ಲೇಶಿ ಮಾಮ ಎಡಚ. ಅವನು ಎಡಗೈಯಲ್ಲಿ ಉಣ್ಣುವುದನ್ನು ನೋಡಿ ನಾನು ಅಣಕಿಸಿದರೆ, ಅದೇ ಎಡಗೈಯಲ್ಲಿ ನನ್ನನ್ನು ಎತ್ತಿ ಅಟ್ಟದ ತೊಲೆ ಮುಟ್ಟಿಸುತ್ತಿದ್ದ. ಮದುವೆಯಾಗಿ ಬೇರೆ ಗುಡಿಸಲು ಮಾಡಿದ ಮೇಲೂ ಸಂಜೆಗೊಮ್ಮೆ ಬಂದು ಅಕ್ಕನ ಕೈಯ ಚಹಾ ಕುಡಿಯದೆ ಹೋಗುತ್ತಿರಲಿಲ್ಲ. ಮುಷ್ಕರದ ನಡುವೆಯೇ ಅವನ ಹೆಂಡತಿಗೆ ಹೆರಿಗೆಯಾಯಿತು. ಹಸಿ ಬಾಣಂತಿ, ಹೊಟ್ಟೆಗೆ ತೆಳ್ಳನೆ ಗಂಜಿ, ಎದೆಯಲ್ಲಿ ಹಾಲಿಲ್ಲ. ಕೂಸು ಅತ್ತು ಅತ್ತು ಕೊನೆಗೆ ಅಳುವುದನ್ನೂ ಬಿಟ್ಟಿತು ಎಂದು ಅವ್ವ ನೋಡಿ ಬಂದು ಹೇಳಿದಳು. ನಮ್ಮ ಮನೆಯಲ್ಲೂ ಡಬ್ಬಿಗಳ ತಳ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಗಂಜಿ ಕುಡಿದವರೆಲ್ಲ ಹೋದ ಮೇಲೆ ಮಾಮ ಹಿತ್ತಿಲ ಬಾಗಿಲಿನಿಂದ ಬಂದ. ನಾನು ಲಾರಿ ಸೀಟಿನ ಮೇಲೆ ಕೂತು ಬಳಪ ಕಡಿಯುತ್ತಿದ್ದೆ. ಅವನು ನನ್ನ ಕಡೆ ನೋಡಲೇ ಇಲ್ಲ.

"ಅಕ್ಕಾ, ಸಿದ್ದಾಪುರದಾಗ ಕೆಲಸ ಐತಿ. ಅಲ್ಲಿ ನನ್ನ ಗುರ್ತು ಯಾರಿಗೂ ಇಲ್ಲ. ನನ್ನ ಕೊಕ್ಕಿ ಕೊಡು."

"ಹುಚ್ಚಗಿಚ್ಚ ಹಿಡದೈತೇನೋ? ಅವ್ರು ಸಂಜೀಕ ಒಂದೊಂದ ಮುಟ್ಟಿ ನೋಡ್ತಾರ."

"ಕೂಸು ಉಳಿಯೂದಿಲ್ಲ ಅಕ್ಕಾ."

ಅವ್ವ ಅಟ್ಟದ ಮೇಲಿನ ಡಬ್ಬಿಯಿಂದ ತನ್ನ ಅಪ್ಪನ ಹಳೆಯ ಕೊಕ್ಕೆಯನ್ನು ತೆಗೆದು ಅವನ ಕೈಗಿಟ್ಟಳು. ನನ್ನ ಅಜ್ಜನೂ ಹಮಾಲನೇ. ಮಾಮ ಅದನ್ನು ಎಡ ಮುಷ್ಟಿಯಲ್ಲಿ ಹಿಡಿದು ನೋಡಿ ತಲೆಯಾಡಿಸಿದ.

"ಅಪ್ಪಂದು ಬಲಗೈ ಹಿಡಿ. ಸವದ ಸವದ ಹಂಗ ಕುಂತೈತಿ. ನನ್ನ ಕೈಯಾಗ ನಿಲ್ಲೂದಿಲ್ಲ. ತುಂಬಿದ ಚೀಲ ಜಾರಿತಂದ್ರ ಬೆನ್ನ ಮುರೀತೈತಿ ಅಕ್ಕಾ."

ಆಗ ಅವ್ವ ಗೋಡೆಯ ಹತ್ತಿರ ಹೋದಳು. ಅವಳ ಕೈ ಮೊಳೆಯವರೆಗೆ ಹೋಗಿ ಮತ್ತೆ ಕೆಳಗಿಳಿಯಿತು. ಮತ್ತೆ ಹೋಯಿತು. ತಮ್ಮನ ಕೊಕ್ಕೆ ತೆಗೆದು, ಸೆರಗಿನಿಂದ ಒರೆಸಿ, ತಾನೇ ಅವನ ಕೈಗೆ ಕೊಟ್ಟಳು. ಅವನು ಅದನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಬಂದ ದಾರಿಯಲ್ಲೇ ಹೋದ. ಅವ್ವ ಒಲೆಯ ಮೂಲೆಯಲ್ಲಿ ಕೂತು, ಎಲ್ಲಿಂದಲೋ ಒಂದು ಹರಕು ಟ್ಯೂಬು ಹುಡುಕಿ ತಂದು, ಪಟ್ಟಿ ಸೀಳಿ, ಅಜ್ಜನ ಕೊಕ್ಕೆಯ ಹಿಡಿಗೆ ಸುತ್ತಿದಳು. ಬಿಗಿಯಾಗಿ, ನೀಟಾಗಿ, ಮಾಮನದು ಹೇಗಿತ್ತೋ ಹಾಗೇ ಕಾಣುವಂತೆ. ಖಾಲಿ ಮೊಳೆಗೆ ಅದನ್ನು ತೂಗುಹಾಕಿ, ದೂರ ನಿಂತು ನೋಡಿ, ನನ್ನ ಕಡೆ ತಿರುಗಿದಳು.

"ರೇಣೂ, ನೀ ಏನೂ ನೋಡಿಲ್ಲ."

"ಇಲ್ಲ ಅವ್ವಾ."

ನನ್ನ ಬಾಯಲ್ಲಿ ಬಳಪದ ಚೂರಿತ್ತು. ಅದನ್ನು ಉಗುಳುವುದಕ್ಕೂ ಹೆದರಿಕೆಯಾಗಿ ನುಂಗಿಬಿಟ್ಟೆ.

ಆ ಸಂಜೆ ಅಪ್ಪ ಎಣ್ಣೆ ಬಟ್ಟಲು ಹಿಡಿದು ಎದ್ದ. ಇಮಾಮಸಾಬ. ಹನುಮಂತ. ದ್ಯಾವಪ್ಪ. ಅವನು ಒಂದೊಂದು ಹೆಜ್ಜೆ ಸರಿದ ಹಾಗೂ ಮಾಮನ ಮೊಳೆಗೆ ಇನ್ನೆಷ್ಟು ಎಂದು ನಾನು ಎಣಿಸುತ್ತಿದ್ದೆ. ಅಡಿಗೆ ಕೋಣೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದು ನಿಂತಿತು. ಅಪ್ಪ ಆ ಕೊಕ್ಕೆಯನ್ನು ಇಳಿಸಿ, ಕಬ್ಬಿಣ ಒರೆಸಿ, ಹಿಡಿ ಒರೆಸಿದ. ಹೆಬ್ಬೆರಳಿನಿಂದ ಟ್ಯೂಬಿನ ಸುತ್ತುಗಳನ್ನು ಒಮ್ಮೆ ಸವರಿದ. ಮತ್ತೊಮ್ಮೆ ಸವರಿದ. "ಮಲ್ಲೇಶಿ," ಎಂದ. ಗೋಡೆಗೆ ಹಾಕಿದ. ಮುಂದಿನದನ್ನು ಇಳಿಸಿದ.

ರೊಟ್ಟಿಯ ಸದ್ದು ಮತ್ತೆ ಶುರುವಾಯಿತು. ಬಚಾವಾದೆವು ಎಂದುಕೊಂಡೆ. ಮರುದಿನ ಸಂಜೆಯೂ ಹಾಗೇ, ಅದರ ಮರುದಿನವೂ ಹಾಗೇ. ಆದರೆ ನನ್ನ ಹೆದರಿಕೆ ಕಡಿಮೆಯಾಗುವ ಬದಲು ಹೆಚ್ಚುತ್ತ ಹೋಯಿತು. ಯಾಕೆಂದರೆ ದಿನಾಲೂ ಆ ಹೆಬ್ಬೆರಳು ಅದೇ ಜಾಗದಲ್ಲಿ ಎರಡು ಸಲ ಸವರುತ್ತಿತ್ತು, ಬೇರೆ ಯಾವ ಹಿಡಿಯ ಮೇಲೂ ಹಾಗೆ ಮಾಡುತ್ತಿರಲಿಲ್ಲ. ಅದುವರೆಗೆ ನಾವು ಹೆದರಿದ್ದೆಲ್ಲ ಹೊರಗಿನವರಿಗೆ, ಅಪ್ಪನನ್ನು ಅವರು ಏನು ಮಾಡಿಯಾರೋ ಎಂದು. ಈಗ ಮನೆಯೊಳಗೇ, ಉಂಡು ಎದ್ದು ನನ್ನ ಪಕ್ಕ ಮಲಗುವ ಮನುಷ್ಯನಿಗೇ ಹೆದರುತ್ತಿದ್ದೇನೆ ಎಂದು ತಿಳಿದದ್ದು ಆ ದಿನಗಳಲ್ಲಿ. ಅವನು ಒಂದು ದಿನವೂ ನನಗೆ ಹೊಡೆದವನಲ್ಲ, ಅವ್ವನ ಮೇಲೆ ದನಿ ಎತ್ತಿದವನಲ್ಲ. ಆದರೂ ಹೆದರಿದೆ.

ಅಷ್ಟರಲ್ಲಿ ಸುದ್ದಿ ಹಬ್ಬಿತು. ಸಿದ್ದಾಪುರದ ಗೋದಾಮಿನಲ್ಲಿ ಶಿರಸಿಯ ಹಮಾಲನೊಬ್ಬ ಕೆಲಸ ಮಾಡುತ್ತಿದ್ದಾನಂತೆ. ಆ ತಾಲೂಕಿನ ತ್ಯಾಗಲಿಯಿಂದ ಬಸ್ಸಿನಲ್ಲಿ ಬಂದ ಯಾರೋ ನೋಡಿದ್ದಾರಂತೆ. ಲಾರಿ ಸೀಟಿನ ಮೇಲೆ ಕೂತವರು ಈಗ ಗೋಡೆ ನೋಡುವ ರೀತಿಯೇ ಬೇರೆಯಾಯಿತು. ನಮ್ಮದನ್ನೂ ಕೊಟ್ಟುಬಿಡು ಪರಸಣ್ಣ ಎಂದು ಒಬ್ಬಿಬ್ಬರು ಬಾಯಿಬಿಟ್ಟು ಕೇಳಿದರು. ನಾಳೆ ಯಾರ್ಡಿನ ಎದುರಿನ ಬಯಲಲ್ಲಿ ಸಭೆ, ಅಲ್ಲಿ ಮಾತಾಡೋಣ ಎಂದು ಅಪ್ಪ ಅವರನ್ನು ಕಳಿಸಿದ. ಸಂಜೆ ಬಟ್ಟಲು ತೆಗೆದುಕೊಂಡವನು ಅವ್ವನನ್ನು ಕರೆದ.

"ಗಂಗಾ, ಇದನ್ನ ಸ್ವಲ್ಪ ಹಿಡಿ ಬಾ."

ಅವ್ವ ಬಟ್ಟಲು ಹಿಡಿದು ಜೊತೆಗೆ ನಡೆದಳು. ಆ ಮೊಳೆಯ ಹತ್ತಿರ ಬಂದಾಗ ಅಪ್ಪ ಕೊಕ್ಕೆಯನ್ನು ಒರೆಸಲಿಲ್ಲ. ಅವಳೆದುರು ಹಿಡಿದ.

"ಇದು ಯಾರದು?"

"ಮಲ್ಲೇಶಿದು."

"ಮಲ್ಲೇಶಿ ಎಡಚ ಅಲ್ಲನ?" ಅಪ್ಪನ ದನಿ ಎಷ್ಟು ಮೆತ್ತಗಿತ್ತೆಂದರೆ ನನ್ನ ಹೋಂವರ್ಕು ಕೇಳುವಾಗ ಸಹ ಅವನು ಅದಕ್ಕಿಂತ ಗಡುಸಾಗಿ ಕೇಳುತ್ತಿದ್ದ. "ಎಡಗೈಯವ ಸುತ್ತಿದ್ರೆ ಪಟ್ಟಿ ಈಚೆಯಿಂದ ಹೋಗ್ತದೆ. ಇದು ಆಚೆಯಿಂದ ಬಂದದ್ದು. ಬಲಗೈಯವ್ರು ಸುತ್ತಿದ್ದು."

ಅವ್ವ, ಹಮಾಲನ ಮಗಳು, ಹಮಾಲನ ಹೆಂಡತಿ, ಎಲ್ಲ ಸರಿಯಾಗಿ ಮಾಡಿ ತನ್ನ ಕೈಯನ್ನೇ ಮರೆತಿದ್ದಳು.

"ಕೂಸಿಗೆ ಹಾಲಿರ್ಲಿಲ್ರಿ. ನಾನ ತಗದ ಕೊಟ್ಟೇನಿ. ಅವಂದೇನ ತಪ್ಪಿಲ್ಲ. ನಾಳೆ ಸಭಾದಾಗ ನಾನ ಹೇಳ್ತೇನಿ."

"ನೀ ಹೇಳಿದ್ರೆ ನಾಳೆಗೇ ಈ ಗೋಡೆ ಖಾಲಿ. ಪರಸನ ಹೆಂಡ್ತೀನೇ ತೆಗ್ದು ಕೊಟ್ಳು ಅಂದ ಮೇಲೆ ಯಾವ ಗಂಡಸು ಉಪವಾಸ ಬೀಳ್ತಾನೆ?"

"ಹಂಗಾರ ಸುಮ್ಕ ಇದ್ದುಬಿಡ್ರಿ. ನಿಮ್ಮ ಕಾಲಿಗೆ ಬೀಳ್ತೇನಿ."

"ಸುಮ್ನಿದ್ರೂ ಖಾಲಿ ಗಂಗಾ. ನಾಳೆ ಮೊದಲ ಬಸ್ಸಿಗೆ ನಮ್ಮವರು ಸಿದ್ದಾಪುರಕ್ಕೆ ಹೋಗ್ತಾರೆ, ಅಂವ ಯಾರು ಅಂತ ಎಲ್ಲರಿಗೂ ಗೊತ್ತಾಗ್ತದೆ."

"ಮತ್ತ ಏನ ಮಾಡ್ತೀರಿ?"

ಅಪ್ಪ ಆ ಕೊಕ್ಕೆಗೆ ಎಣ್ಣೆ ಒರೆಸಿ ತೂಗುಹಾಕಿ, ಉಳಿದವನ್ನೂ ಒರೆಸಿ ಮುಗಿಸಿದ. ಒಂದು ಹೆಸರೂ ತಪ್ಪಲಿಲ್ಲ.

ಸಭೆಯ ದಿನ ಹೆಂಗಸರು ಮಕ್ಕಳೆಲ್ಲ ಬಯಲಿನ ಒಂದು ಬದಿಗೆ ಕೂತಿದ್ದೆವು. ಬೆಳಗಿನ ಮೊದಲ ಬಸ್ಸಿಗೆ ಹೋಗಿದ್ದವರು ಮಾಮನನ್ನು ಸಿದ್ದಾಪುರದಿಂದ ಕರೆತಂದಿದ್ದರು. ಅವನ ಹೆಗಲ ಮೇಲೆ ಇನ್ನೂ ಗೋಣಿಯ ಧೂಳಿತ್ತು. ಅಪ್ಪ ಒಂದು ಕೈಗಾಡಿಯ ಮೇಲೆ ಹತ್ತಿ ನಿಂತು ಮಾತಾಡಿದ. ಅವನ ಭಾಷಣಗಳನ್ನು ಎಷ್ಟೋ ಕೇಳಿದ್ದೇನೆ, ಅಷ್ಟು ಚಿಕ್ಕ ಭಾಷಣವನ್ನು ಮತ್ತೆ ಕೇಳಲಿಲ್ಲ.

"ಇಂವ ಯಾರು ಅಂತ ನಿಮಗೆಲ್ಲ ಗೊತ್ತದೆ. ನನ್ನ ಹೆಂಡತಿಯ ತಮ್ಮ. ನನ್ನ ಮನೆ ಅನ್ನ ಉಂಡು ಬೆಳೆದವ. ನನ್ನ ಮನೆ ಗೋಡೆಯಿಂದ ಕೊಕ್ಕೆ ಕದ್ದು, ನಿಮ್ಮ ಹೊಟ್ಟೆ ಮೇಲೆ ಹೊಡೆದಾನೆ. ಬೇರೆಯವರಿಗೆ ಯಾವ ಕಾಯ್ದೆಯೋ ಇವನಿಗೂ ಅದೇ ಕಾಯ್ದೆ. ಇವತ್ತಿನಿಂದ ಇವನ ಬೆನ್ನಿಗೆ ಯಾರೂ ಚೀಲ ಎತ್ತಬಾರದು."

ಕದ್ದು ಎಂಬ ಮಾತು ಕಿವಿಗೆ ಬಿದ್ದದ್ದೇ ಅವ್ವ ನನ್ನ ಪಕ್ಕದಲ್ಲಿ ಅರ್ಧ ಎದ್ದಳು. ನಾನು ಅವಳ ಸೆರಗನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಅವಳು ಬಾಯಿ ಬಿಟ್ಟರೆ ಈ ಜನವೆಲ್ಲ ಎದ್ದು ನಮ್ಮ ಮೇಲೆ ಬೀಳುತ್ತದೆ ಎಂದೇ ನನಗೆ ಅನಿಸಿತ್ತು. ಅಷ್ಟರಲ್ಲಿ ಇಮಾಮಸಾಬ ಮುಂದೆ ಬಂದು ಮಾಮನ ಎದುರು ನಿಂತ.

"ಮಲ್ಲೇಶಿ, ಖರೇನ? ಕದ್ದಿ?"

ಮಾಮ ಹೆಂಗಸರ ಕಡೆ ನೋಡಿದ. ಅರ್ಧ ಎದ್ದಿದ್ದ ಅಕ್ಕನನ್ನು ನೋಡಿದ. ಅವಳು ಬಾಯಿ ತೆರೆಯುವ ಮೊದಲೇ ಅವಸರದಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದ:

"ಖರೆ. ಕದ್ದೇನಿ. ಅಕ್ಕ ಅಡಿಗಿ ಮನ್ಯಾಗಿದ್ಲು, ಆಕಿಗೆ ಗೊತ್ತಿಲ್ಲ."

ಬಯಲಿಗೆ ಬಯಲೇ ಎದ್ದು ಕೂಗಿತು. ಮಾಮನನ್ನು ಬೈದ ಕೂಗಲ್ಲ ಅದು. ಪರಸಣ್ಣನಿಗೆ ಜಯವಾಗಲಿ ಎಂಬ ಕೂಗು. ಸ್ವಂತ ಭಾವಮೈದುನನನ್ನೇ ಬಿಡಲಿಲ್ಲ, ಇಂಥವನ ಬೆನ್ನಿಗೆ ನಿಲ್ಲದಿದ್ದರೆ ಇನ್ನು ಯಾರ ಬೆನ್ನಿಗೆ ನಿಲ್ಲುವುದು? ಕೊಕ್ಕೆ ವಾಪಸು ಕೇಳಿದವರೇ ಅಪ್ಪನನ್ನು ಹೆಗಲ ಮೇಲೆ ಹೊತ್ತರು. ಅವ್ವ ಮೆಲ್ಲಗೆ ಕೂತಳು. ಜನರ ಕಾಲುಗಳ ನಡುವಿನಿಂದ ಮಾಮ ತಲೆ ಬಗ್ಗಿಸಿ ಹೊರಗೆ ಹೋಗುವುದು ನನಗೆ ಕಂಡಿತು. ಯಾರೂ ಅವನನ್ನು ಮುಟ್ಟಲಿಲ್ಲ, ದಾರಿ ಬಿಟ್ಟರು.

ಆಮೇಲೆ ಹೆಚ್ಚು ದಿನ ಬೇಕಾಗಲಿಲ್ಲ. ಯಲ್ಲಾಪುರದ ಲಾರಿಯವರೂ ಗಾಡಿ ನಿಲ್ಲಿಸಿದರು, ವ್ಯಾಪಾರಿಗಳು ಒಪ್ಪಂದಕ್ಕೆ ಬಂದರು. ಸೊಂಟ ಮುರಿದವನಿಗೆ ಪರಿಹಾರ ಸಿಕ್ಕಿತು, ಕೂಲಿ ಏರಿತು. ಈಗ ಶಿರಸಿಯಲ್ಲಿ ಎಷ್ಟೋ ಹಮಾಲರ ಮೊಮ್ಮಕ್ಕಳು ಓದಿ ನೌಕರಿ ಹಿಡಿದಿದ್ದರೆ ಅದರ ಬುಡದಲ್ಲಿ ಆ ಒಪ್ಪಂದವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅಪ್ಪ ಅವತ್ತು ಬಾಯಿ ಮುಚ್ಚಿಕೊಂಡಿದ್ದರೆ ಅದೆಲ್ಲ ಆಗುತ್ತಿರಲಿಲ್ಲ ಎಂದು ವಾದಿಸುವವರ ಮಾತನ್ನೂ ತಳ್ಳಿಹಾಕಲಾರೆ. ಮಲ್ಲೇಶಿ ಮಾಮ ಹೆಂಡತಿ ಕೂಸನ್ನು ಕಟ್ಟಿಕೊಂಡು ಘಟ್ಟ ಬಿಟ್ಟು ರಾಣೆಬೆನ್ನೂರ ಕಡೆಗೆ ಹೋದ. ಕೂಸು ಬದುಕಿತು ಎಂದು ಯಾರಿಂದಲೋ ತಿಳಿಯಿತು. ಕಳ್ಳ ಎಂಬ ಹೆಸರು ಅವನಿಗಿಂತ ಮೊದಲೇ ಅಲ್ಲಿನ ಮಾರುಕಟ್ಟೆಗೆ ಹೋಗಿ ಕೂತಿತ್ತು ಎಂದೂ ತಿಳಿಯಿತು. ಅಕ್ಕ ತಮ್ಮ ಮತ್ತೆ ಮುಖ ನೋಡಲಿಲ್ಲ. ಅವನು ಸತ್ತ ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ಅವನ ದಿನಕರ್ಮಗಳೂ ಮುಗಿದಿದ್ದವು. ಅವ್ವ ಅಪ್ಪನಿಗೆ ಬಡಿಸುವುದನ್ನು ಬಿಡಲಿಲ್ಲ, ಬಾಗಿಲು ಕಾಯುವುದನ್ನೂ ಬಿಡಲಿಲ್ಲ. ತವರಿನ ಹೆಸರನ್ನು ಮಾತ್ರ ಅವನೆದುರು ಎತ್ತಲಿಲ್ಲ. ನನಗಂತೂ ಅಪ್ಪ ಪ್ರೀತಿಯಿಂದ ತಲೆ ಸವರಲು ಬಂದರೂ ಮೈ ಬಿಗಿಯುತ್ತಿತ್ತು, ಆ ಹೆಬ್ಬೆರಳು ನನ್ನೊಳಗಿನ ಏನನ್ನೋ ಪತ್ತೆ ಹಚ್ಚುತ್ತಿದೆ ಅನಿಸುತ್ತಿತ್ತು. ದೊಡ್ಡವಳಾದ ಮೇಲೂ ಅವನಿಗೆ ಒಂದು ಸುಳ್ಳನ್ನೂ ಹೇಳಲಿಲ್ಲ, ಒಂದು ನಿಜವನ್ನೂ ಹೇಳಲಿಲ್ಲ.

ಆ ಕತೆ ಅಪ್ಪನಿಗಿಂತ ಒಂದು ಹೆಜ್ಜೆ ಮುಂದೇ ನಡೆಯುತ್ತಿತ್ತು. ಹುಬ್ಬಳ್ಳಿಯಲ್ಲಿ ಅವನನ್ನು ಪರಿಚಯಿಸಿದವರು ಅದನ್ನೇ ಹೇಳಿದರು. ಬೆಂಗಳೂರಿನಲ್ಲಿ ಚುನಾವಣೆಗೆ ನಿಲ್ಲಿಸಿದವರು ಅದನ್ನೇ ಹೇಳಿದರು. ಅಪ್ಪ ತಾನಾಗಿ ಅದನ್ನು ಹೇಳಿದ್ದು ನಾನು ಕೇಳಿಲ್ಲ, ಯಾರಾದರೂ ಹೇಳುವಾಗ ತಡೆದದ್ದನ್ನೂ ನೋಡಿಲ್ಲ. ಅವನು ಇಡೀ ದೇಶದ ಕಾರ್ಮಿಕರ ಒಕ್ಕೂಟಕ್ಕೆ ಅಧ್ಯಕ್ಷನಾದಾಗ ದಿಲ್ಲಿಯಲ್ಲಿ ದೊಡ್ಡ ಸಮಾರಂಭ. ಅವ್ವನನ್ನೂ ನನ್ನನ್ನೂ ಕರೆಸಿ ಮೊದಲ ಸಾಲಿನಲ್ಲಿ ಕೂರಿಸಿದ್ದರು. ಅವಳು ಹಸಿರು ರೇಷ್ಮೆ ಸೀರೆಯುಟ್ಟಿದ್ದಳು, ಆ ಥಂಡಿ ಸಭಾಂಗಣದಲ್ಲಿ ಸೆರಗನ್ನು ಮೈತುಂಬ ಎಳೆದುಕೊಂಡು ಕೂತಿದ್ದಳು. ವೇದಿಕೆಯ ಮೇಲೆ ಯಾರೋ ಉತ್ತರದ ಕಡೆಯ ಮುಖಂಡರು, ಒಳ್ಳೆಯ ಮಾತುಗಾರರು, ಹಿಂದಿಯಲ್ಲಿ ಅಪ್ಪನ ಬಗ್ಗೆ ಹೇಳುತ್ತಿದ್ದರು. ಜನ ತುಟಿ ಪಿಟಕ್ಕೆನ್ನದೆ ಕೇಳುತ್ತಿದ್ದರು. ಅವ್ವನಿಗೆ ಹಿಂದಿ ಬಾರದು.

"ಏನ ಹೇಳಾಕ್ಹತ್ಯಾರ ರೇಣೂ?"

ನಾನು ಏನಾದರೂ ಬೇರೆ ಹೇಳಬಹುದಿತ್ತು. ಆದರೆ ಅವಳು ನನ್ನ ಮುಖ ನೋಡುತ್ತಿದ್ದಳು.

"ಮಾಮನ ಸುದ್ದಿ ಅವ್ವಾ. ಮುಷ್ಕರದ್ದು."

"ಅಂವಗ ಕಳ್ಳ ಅಂತ ಅಂದ್ರ?"

"ಹ್ಞೂಂ."

"ಕೊಟ್ಟಾಕಿ ಹೆಸರು ಹೇಳಿದ್ರ?"

"ಇಲ್ಲವ್ವಾ."

ಅವಳು ತಲೆಯಾಡಿಸಿದಳು. ಅಷ್ಟರಲ್ಲಿ ಕತೆ ಮುಗಿದು ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಮೊದಲ ಸಾಲಿನವರೆಲ್ಲ ಬಾಗಿ, ಇಂಥ ಮನುಷ್ಯನ ಹೆಂಡತಿ ಹೇಗಿದ್ದಾಳೆಂದು ಅವ್ವನನ್ನು ನೋಡಿ ನಕ್ಕರು. ಅವ್ವ ಸೆರಗಿನೊಳಗಿನಿಂದ ಕೈ ಹೊರಗೆ ತೆಗೆದು ತಾನೂ ತಟ್ಟಿದಳು. ವೇದಿಕೆಯ ಮೇಲೆ ಕೂತಿದ್ದ ಅಪ್ಪ ಕೈ ಮುಗಿದ, ಜನ ನಿಲ್ಲಿಸಿದರು. ಅವ್ವ ನಿಲ್ಲಿಸಲಿಲ್ಲ. ಅಪ್ಪನನ್ನೇ ನೋಡುತ್ತ, ಮುಖದ ಮೇಲೆ ಏನೂ ಇಲ್ಲದೆ, ತಟ್ಟುತ್ತಲೇ ಇದ್ದಳು. ಅಷ್ಟು ದೊಡ್ಡ ಸಭಾಂಗಣದಲ್ಲಿ ಅವಳೊಬ್ಬಳದೇ ಸದ್ದು. ಹಿಂದಿನ ಸಾಲುಗಳಲ್ಲಿ ಜನ ಕತ್ತೆತ್ತಿ ನೋಡತೊಡಗಿದರು. ವೇದಿಕೆಯ ಮೇಲೆ ಅಪ್ಪ ತಲೆ ತಗ್ಗಿಸಿದ. ನನಗೆ ತಡೆಯಲಾರದಷ್ಟು ಹೆದರಿಕೆಯಾಗಿ ಅವಳ ಎರಡೂ ಕೈಗಳನ್ನು ಹಿಡಿದುಕೊಂಡೆ, ಆದರೂ ಅವು ಸ್ವಲ್ಪ ಹೊತ್ತು ನನ್ನ ಕೈಯೊಳಗೇ ತಟ್ಟುತ್ತಿದ್ದವು.